ಅಣ್ಣನ ಎರಡು ಲಕ್ಷ ಷೇರು

ಆದಾಯ ತೆರಿಗೆ ರಿಟರ್ನ್‌ನಲ್ಲಿ ಶೆಡ್ಯೂಲ್ ಎಫ್‌ಎ ಅಂತ ಒಂದು ಭಾಗ ಇದೆ. ಹೊರದೇಶದಲ್ಲಿ ಆಸ್ತಿ ಇದ್ದವರು ತುಂಬಬೇಕಾದದ್ದು. ಕಾರವಾರದಲ್ಲಿ ಕೂತು ತೆರಿಗೆ ಕೆಲಸ ಮಾಡುವ ನನಗೆ ಅದರ ಅಗತ್ಯ ಬೀಳುವುದು ಕಡಿಮೆ. ಹಡಗಿನ ನೌಕರಿ ಮುಗಿಸಿ ಬಂದವರು, ಮಸ್ಕತ್ತು ದುಬೈ ಬಿಟ್ಟು ಬಂದವರು, ಅಮೆರಿಕದಿಂದ ವಾಪಸಾದ ಸಾಫ್ಟ್‌ವೇರ್ ಮಂದಿ, ಇಷ್ಟೇ. ಅವರಲ್ಲಿ ಒಬ್ಬ ನನ್ನ ದೊಡ್ಡಪ್ಪನ ಮಗ. ನ್ಯೂಜೆರ್ಸಿಯಲ್ಲಿ ಕೆಲವು ವರ್ಷ ಕೆಲಸ ಮಾಡಿ ಈಗ ಅಂಕೋಲೆಯಲ್ಲಿ ತೋಟ ನೋಡಿಕೊಂಡಿದ್ದಾನೆ. ಜುಲೈ ಬಂದರೆ ಅವನ ರಿಟರ್ನ್ ತುಂಬುವುದು ನಾನೇ.

ಅವನ ಶೆಡ್ಯೂಲ್ ಎಫ್‌ಎಯಲ್ಲಿ ಇರುವುದು ಒಂದೇ ಸಾಲು. ಕಂಪನಿಯ ಹೆಸರು, ವಿಳಾಸ, ಷೇರು ತೆಗೆದುಕೊಂಡ ದಿನ, ಹಾಕಿದ ದುಡ್ಡು, ಆ ಕ್ಯಾಲೆಂಡರ್ ವರ್ಷದಲ್ಲಿ ಮುಟ್ಟಿದ ಅತಿ ಹೆಚ್ಚಿನ ಬೆಲೆ, ಡಿಸೆಂಬರ್ 31ಕ್ಕೆ ಇದ್ದ ಬೆಲೆ. ಹಾಕಿದ ದುಡ್ಡಿನ ಕಾಲಂನಲ್ಲಿ ಐದು ಲಕ್ಷ ಚಿಲ್ಲರೆ. ಕೊನೆಯ ಕಾಲಂನಲ್ಲಿ ಬರೆಯುವ ರೂಪಾಯಿಗೆ ಒಂದು ಮೀನೂಟ ಸಿಗುವುದೂ ಕಷ್ಟ. ಬೆಲೆ ಇಲ್ಲ ಅಂತ ಆ ಸಾಲನ್ನು ಬಿಡುವ ಹಾಗಿಲ್ಲ. 2015ರ ಕಪ್ಪುಹಣ ಕಾಯ್ದೆಯಲ್ಲಿ ವಿದೇಶಿ ಆಸ್ತಿ ತೋರಿಸದೇ ಇದ್ದರೆ 10 ಲಕ್ಷ ದಂಡ. 2024ರ ಅಕ್ಟೋಬರ್‌ನಿಂದ ಸಣ್ಣವರಿಗೆ ಸ್ವಲ್ಪ ಉಸಿರಾಡುವ ಹಾಗಾಗಿದೆ. ಸ್ಥಿರಾಸ್ತಿ ಬಿಟ್ಟು ಉಳಿದದ್ದು ಒಟ್ಟು 20 ಲಕ್ಷದೊಳಗಿದ್ದರೆ ಆ ದಂಡ ಬೀಳುವುದಿಲ್ಲ. ಆದರೂ ತುಂಬುವುದು ತುಂಬಲೇಬೇಕು.

ಆ ಸಾಲು ತುಂಬುವಾಗಲೆಲ್ಲ ನನಗೆ ಸಂಕಟ ಆಗುತ್ತದೆ. ದುಡ್ಡು ಹೋಯಿತಲ್ಲ ಅನ್ನುವುದಕ್ಕಿಂತ ಜಾಸ್ತಿ, ಅಣ್ಣ ಹೇಳಿದ್ದೆಲ್ಲ ಸರಿಯಾಗಿತ್ತಲ್ಲ ಅನ್ನುವುದಕ್ಕೆ.

ಇದನ್ನು ಬರೆಯುತ್ತೇನೆ ಅಂದಾಗ ಅವನು ಬೇಡ ಅನ್ನಲಿಲ್ಲ. ಕಂಪನಿಯ ಹೆಸರು ಮಾತ್ರ ಹಾಕಬೇಡ ಅಂದ. ಹಾಕುವುದಿಲ್ಲ. ಹೆಸರಿನಿಂದ ಯಾರಿಗೂ ಏನೂ ಉಪಯೋಗ ಇಲ್ಲ. ಅಂಥ ಕಂಪನಿಗಳು ಅಮೆರಿಕದಲ್ಲಿ ರಾಶಿ ಇದ್ದವು, ಈಗಲೂ ಇವೆ.

2006ರಲ್ಲಿ ಅವನು ರಜೆಗೆ ಬಂದಿದ್ದ. ಅಡುಗೆಮನೆಯಿಂದ ಚಹಾಪುಡಿ ಪ್ಯಾಕೆಟ್ ತಂದು ಅದರ ಹಿಂದಿನ ಕಪ್ಪು ಗೆರೆಗಳ ಮೇಲೆ ತನ್ನ ಫೋನಿನ ಕ್ಯಾಮೆರಾ ಹಿಡಿದು ತೋರಿಸಿದ. "ಇನ್ನು ಹತ್ತು ವರ್ಷ ತಡಿ ತಮ್ಮಾ. ಎಲ್ಲರೂ ಹೀಗೇ ಫೋನ್ ಹಿಡೀತಾರೆ. ಹಿಡಿದ ಕೂಡಲೇ ಆ ಸಾಮಾನಿನ ಪುಟ ಇಂಟರ್‌ನೆಟ್‌ನಲ್ಲಿ ತೆರೆಯುತ್ತೆ. ದುಡ್ಡು ಕೊಡೋದೂ ಹೀಗೇ ಆಗುತ್ತೆ." ಆಗ ನಮ್ಮ ಕೈಯಲ್ಲಿದ್ದದ್ದು ಗುಂಡಿ ಒತ್ತುವ ಫೋನು. ಊರಲ್ಲಿ ಇಂಟರ್‌ನೆಟ್ ಅಂದರೆ ಬಸ್‌ಸ್ಟ್ಯಾಂಡ್ ಹತ್ತಿರದ ಸೈಬರ್ ಕೆಫೆ. ದೊಡ್ಡಪ್ಪ ಕೇಳಿ ಸುಮ್ಮನೆ ಎದ್ದು ಹೋದರು.

ಆ ಕಂಪನಿ ಹತ್ತಿರ ಇದ್ದದ್ದು ಪೇಟೆಂಟ್. ಮೊಬೈಲ್‌ನಲ್ಲಿ ಕೋಡ್ ಓದಿ, ಅದರ ಮೂಲಕ ಜಾಲತಾಣಕ್ಕೆ ಹೋಗುವ ದಾರಿ ತಮ್ಮದು ಅನ್ನುವುದು ಅವರ ಹಕ್ಕು. ಕನಸು ಏನೆಂದರೆ, ಲೋಕದಲ್ಲಿ ಯಾರು ಎಲ್ಲಿ ಸ್ಕ್ಯಾನ್ ಮಾಡಿದರೂ ಒಂದು ಸೆಂಟಿನ ಒಂದು ಚೂರು ಇವರಿಗೆ ಬರಬೇಕು. ಚೂರು ಚಿಕ್ಕದು, ಸ್ಕ್ಯಾನ್ ಕೋಟಿಗಟ್ಟಲೆ. ಗುಣಾಕಾರ ಮಾಡಿ ನೋಡಿದರೆ ಯಾರಿಗಾದರೂ ತಲೆ ತಿರುಗುತ್ತದೆ ಅಲ್ವಾ? ಷೇರು ಆಗ ಆರು ಸೆಂಟ್ ಆಸುಪಾಸು. ಅಣ್ಣ ಎರಡು ಲಕ್ಷ ಷೇರು ತೆಗೆದುಕೊಂಡ. ಸುಮಾರು 12 ಸಾವಿರ ಡಾಲರ್. ಅಂಕೋಲೆಯಲ್ಲಿ ಮನೆ ಕಟ್ಟಲು ಇಟ್ಟಿದ್ದ ದುಡ್ಡಿನ ಒಂದು ಪಾಲು.

ಅವನನ್ನು ಜೂಜುಕೋರ ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ಇಸ್ಪೀಟು ಆಡುವವನಿಗೆ ಮುಂದಿನ ಎಲೆ ಯಾವುದು ಅಂತ ಗೊತ್ತಿರುವುದಿಲ್ಲ. ಇವನಿಗೆ ಗೊತ್ತಿತ್ತು. ಹತ್ತು ವರ್ಷ ಅಂದಿದ್ದ, ಸರಿಯಾಗಿ ಹತ್ತು ವರ್ಷಕ್ಕೆ, 2016ರಲ್ಲಿ ನಮ್ಮಲ್ಲಿ ಯುಪಿಐ ಬಂತು. 2017ರಲ್ಲಿ ಐಫೋನಿನ ಕ್ಯಾಮೆರಾ ತಾನೇ ಕ್ಯೂಆರ್ ಕೋಡ್ ಓದತೊಡಗಿತು, ಬೇರೆ ಆ್ಯಪ್ ಬೇಕಾಗಲಿಲ್ಲ. 2020ರ ಕೊರೋನಾ ಕಾಲದಲ್ಲಿ ಹೋಟೆಲಿನ ಮೆನು ಕೂಡ ಕೋಡ್ ಆಯಿತು. 2024ರಲ್ಲಿ ಯುಪಿಐ ವಹಿವಾಟುಗಳ ಸಂಖ್ಯೆಯೇ ವರ್ಷಕ್ಕೆ 17 ಸಾವಿರ ಕೋಟಿ ದಾಟಿತು. ಅದೆಲ್ಲ ಸ್ಕ್ಯಾನ್ ಮಾಡಿ ಕೊಟ್ಟದ್ದಲ್ಲ, ಆದರೂ ಎಷ್ಟು ದೊಡ್ಡದು ನೋಡಿ.

ಕಾರವಾರದ ಮೀನು ಮಾರ್ಕೆಟ್ಟಿಗೆ ಹೋದವರಿಗೆ ಇದನ್ನು ಬೇರೆ ಹೇಳಬೇಕಿಲ್ಲ. ನಾನು ಯಾವಾಗಲೂ ಬಂಗಡೆ ತೆಗೆದುಕೊಳ್ಳುವ ಅಕ್ಕ ಕೋಡಿನ ಹಲಗೆಯನ್ನು ಬುಟ್ಟಿಗೆ ಒರಗಿಸಿ ಇಟ್ಟಿರುತ್ತಾಳೆ. ಅದರ ಒಂದು ಮೂಲೆ ಸುಲಿದಿದೆ. ಪ್ಲಾಸ್ಟಿಕ್ ಮೇಲೆ ಹುರುಪೆ ಅಂಟಿಕೊಂಡಿದೆ, ಬರ್ಫದ ನೀರು ಇಳಿದು ಮಸುಕಾಗಿದೆ. ಆದರೂ ಫೋನ್ ಹಿಡಿದ ಕೂಡಲೇ ಹಣ ಹೋಗುತ್ತದೆ. ಇದು ಅದೃಷ್ಟ ಅಲ್ಲ. ಕ್ಯೂಆರ್ ಕೋಡ್ ಮಾಡುವಾಗಲೇ ಅದೇ ಮಾಹಿತಿಯನ್ನು ಸರಿಪಡಿಸಿಕೊಳ್ಳುವ ಲೆಕ್ಕವನ್ನೂ ಒಳಗೇ ತುಂಬಿಟ್ಟಿರುತ್ತಾರೆ. ಹೆಚ್ಚಿನ ಮಟ್ಟದಲ್ಲಿ ಮಾಡಿದ್ದರೆ ಶೇ. 30ರಷ್ಟು ಹಾಳಾದರೂ ಓದಬಹುದು. ಮೂರು ಮೂಲೆಯಲ್ಲಿ ಚೌಕದೊಳಗೆ ಚೌಕ ಇದೆಯಲ್ಲ, ಅದು ಇರುವುದು ಫೋನನ್ನು ಹೇಗೆ ಓರೆಯಾಗಿ ಹಿಡಿದರೂ ಕೋಡ್ ಎಲ್ಲಿದೆ ಅಂತ ಗೊತ್ತಾಗಲಿ ಅಂತ.

ಇದನ್ನು ಮಾಡಿದ್ದು ಜಪಾನಿನ ಮಸಾಹಿರೋ ಹಾರಾ. 1994ರಲ್ಲಿ, ಡೆನ್ಸೋ ಸಮೂಹದಲ್ಲಿ ಇದ್ದಾಗ, ಕಾರಿನ ಬಿಡಿಭಾಗಗಳ ಲೆಕ್ಕ ಇಡಲಿಕ್ಕೆ. ಊಟದ ವಿರಾಮದಲ್ಲಿ ಗೋ ಆಟ ಆಡುವಾಗ ಆ ಕಪ್ಪು ಬಿಳಿ ಕಾಯಿಗಳನ್ನು ನೋಡಿ ಹೊಳೆಯಿತಂತೆ. ಇಲ್ಲಿ ಒಂದು ದೊಡ್ಡ ಮಾತಿದೆ. ಡೆನ್ಸೋ ವೇವ್ ಪೇಟೆಂಟ್ ಮಾಡಿಸಿಕೊಂಡಿತು, ಆದರೆ ಯಾರ ಹತ್ತಿರವೂ ದುಡ್ಡು ಕೇಳಲಿಲ್ಲ. ಯಾರು ಬೇಕಾದರೂ ಬಳಸಿ ಅಂತ ಬಿಟ್ಟುಬಿಟ್ಟಿತು. ಕ್ಯೂಆರ್ ಇಷ್ಟು ಹಬ್ಬಿದ್ದೇ ಅದಕ್ಕೆ. ನಮ್ಮಲ್ಲೂ 2020ರ ಜನವರಿಯಿಂದ ಯುಪಿಐನಲ್ಲಿ ಅಂಗಡಿಯವರಿಂದ ಶುಲ್ಕ ತೆಗೆದುಕೊಳ್ಳುವ ಹಾಗಿಲ್ಲ ಅಂತ ಆಯಿತು. ಅಂದರೆ ಆ ಅಕ್ಕನ ಹಲಗೆಗೆ ಸಾವಿರ ಜನ ಫೋನ್ ಹಿಡಿದರೂ ಕೋಡಿನ ಹಕ್ಕಿಗೆ ಅಂತ ಯಾರಿಗೂ ಒಂದು ಪೈಸೆ ಕೊಡಬೇಕಿಲ್ಲ. ಅಣ್ಣ ನಂಬಿದ್ದ ಗುಣಾಕಾರದಲ್ಲಿ ಸ್ಕ್ಯಾನ್ ಎಷ್ಟು ಅನ್ನುವ ಸಂಖ್ಯೆ ಅವನು ಎಣಿಸಿದ್ದಕ್ಕಿಂತ ದೊಡ್ಡದಾಯಿತು. ಸ್ಕ್ಯಾನಿಗೆ ಎಷ್ಟು ಅನ್ನುವುದು ಸೊನ್ನೆ ಆಯಿತು.

ಪೇಟೆಂಟಿಗೆ ಆಯಸ್ಸು ಕೂಡ ಇದೆ. ಅಮೆರಿಕದಲ್ಲಿ 1995ರ ಜೂನ್ ನಂತರ ಹಾಕಿದ ಅರ್ಜಿಗಳಿಗೆ, ಅರ್ಜಿ ಹಾಕಿದ ದಿನದಿಂದ 20 ವರ್ಷ. ಇಂಟರ್‌ನೆಟ್ ಜನರ ಕೈಗೆ ಬಂದ ಆ ದಿನಗಳಲ್ಲಿ ಹಾಕಿದ್ದರೆ 2015ರ ಹೊತ್ತಿಗೆ ಮುಗಿಯಿತು. ಜನ ಸ್ಕ್ಯಾನ್ ಮಾಡಲು ಕಲಿತದ್ದು ಅದಾದ ಮೇಲೆ! ಬಾರ್‌ಕೋಡಿನ ಕಥೆಯಲ್ಲಿ ಇದು ಮೊದಲ ಸಲ ಅಲ್ಲ. ನಾರ್ಮನ್ ಜೋಸೆಫ್ ವುಡ್‌ಲ್ಯಾಂಡ್ ಅನ್ನುವವರು ಮಯಾಮಿ ಕಡಲತೀರದಲ್ಲಿ ಕೂತು ಮರಳಿನಲ್ಲಿ ಬೆರಳಿಂದ ಗೆರೆ ಎಳೆಯುತ್ತಿದ್ದಾಗ ಬಾರ್‌ಕೋಡಿನ ಯೋಚನೆ ಹುಟ್ಟಿತು. ಅವರಿಗೂ ಬರ್ನಾರ್ಡ್ ಸಿಲ್ವರ್‌ಗೂ 1952ರಲ್ಲಿ ಪೇಟೆಂಟ್ ಸಿಕ್ಕಿತು. ಅದನ್ನು 15 ಸಾವಿರ ಡಾಲರ್‌ಗೆ ಮಾರಿದರು. 1969ರಲ್ಲಿ ಅದರ ಅವಧಿ ಮುಗಿಯಿತು. ಅಂಗಡಿಯಲ್ಲಿ ಮೊದಲ ಸಾಮಾನು, ಒಂದು ಚೂಯಿಂಗ್ ಗಮ್ ಪ್ಯಾಕೆಟ್, ಸ್ಕ್ಯಾನ್ ಆದದ್ದು 1974ರ ಜೂನ್ 26ಕ್ಕೆ, ಒಹಾಯೋದ ಟ್ರಾಯ್ ಅನ್ನುವ ಊರಲ್ಲಿ. ಸಿಲ್ವರ್ ಅದನ್ನು ನೋಡಲು ಬದುಕಿರಲಿಲ್ಲ.

ಇನ್ನೊಂದು, ಕ್ಯೂಕ್ಯಾಟ್. 2000ನೇ ಇಸವಿಯಲ್ಲಿ ಡಿಜಿಟಲ್ ಕನ್ವರ್ಜೆನ್ಸ್ ಅನ್ನುವ ಕಂಪನಿ ಬೆಕ್ಕಿನ ಆಕಾರದ ಸ್ಕ್ಯಾನರ್ ಮಾಡಿ ಪತ್ರಿಕೆಯ ಚಂದಾದಾರರಿಗೆ ಪುಕ್ಕಟೆ ಕಳಿಸಿತು. ಪತ್ರಿಕೆಯಲ್ಲಿನ ಕೋಡಿನ ಮೇಲೆ ಬೆಕ್ಕನ್ನು ಎಳೆದರೆ ಕಂಪ್ಯೂಟರಿನಲ್ಲಿ ಪುಟ ತೆರೆಯಬೇಕು. ಆಲೋಚನೆ ಸರಿಯೇ, ಬೆಕ್ಕನ್ನು ಕಂಪ್ಯೂಟರಿಗೆ ಕಟ್ಟಿಹಾಕಿತ್ತು, ಅಷ್ಟೇ. ಮರುವರ್ಷ ನೌಕರರನ್ನು ಮನೆಗೆ ಕಳಿಸಿದರು.

ಇಷ್ಟು ಕೇಳಿದವರು, ಸರಿ, ಪೇಟೆಂಟಿನಿಂದ ದುಡ್ಡು ಬರಲಿಲ್ಲ, ಕಂಪನಿ ಸೋತಿತು, ಷೇರು ಬಿತ್ತು ಅಂದುಕೊಳ್ಳುತ್ತಾರೆ. ನನಗೂ ಮೊದಲು ಹಾಗೇ ಕಂಡಿತ್ತು. ಆದರೆ ಅಣ್ಣನ ಎರಡು ಲಕ್ಷ ಷೇರನ್ನು ತಿಂದದ್ದು ಅದಲ್ಲ. ಕಂಪನಿಯ ವಾರ್ಷಿಕ ವರದಿಗಳನ್ನು ಸಾಲಾಗಿ ಇಟ್ಟು ಓದಿದರೆ ಬೇರೆಯೇ ಕಾಣಿಸುತ್ತದೆ.

ಆದಾಯ ಇಲ್ಲದ ಕಂಪನಿಗೆ ಸಂಬಳ ಕೊಡಲು, ವಕೀಲರಿಗೆ ಕೊಡಲು ದುಡ್ಡು ಬೇಕು. ಬ್ಯಾಂಕು ಕೊಡುವುದಿಲ್ಲ. ಆಗ ಒಂದು ಫಂಡ್ ಬರುತ್ತದೆ. ಸಾಲ ಕೊಡುತ್ತೇನೆ, ವಾಪಸು ದುಡ್ಡಿನಲ್ಲೇ ಕೊಡಬೇಕು ಅಂತಿಲ್ಲ, ಷೇರಿನಲ್ಲಿ ಕೊಟ್ಟರೂ ಸಾಕು ಅನ್ನುತ್ತದೆ. ಕನ್ವರ್ಟಿಬಲ್ ಡಿಬೆಂಚರ್ ಅಂತ ಹೆಸರು. ಕೇಳಲಿಕ್ಕೆ ಧರ್ಮಾತ್ಮರ ಹಾಗೆ ಇದೆ. ಕರಾರಿನ ಒಳಗಿನ ಒಂದು ಸಾಲು ಓದಬೇಕು. ಪರಿವರ್ತನೆಯ ಬೆಲೆ ಮೊದಲೇ ನಿಗದಿ ಆಗಿರುವುದಿಲ್ಲ. ಮಾರ್ಕೆಟ್ಟಿನಲ್ಲಿ ಹಿಂದಿನ ಕೆಲವು ದಿನಗಳ ಅತಿ ಕಡಿಮೆ ಬೆಲೆ ಯಾವುದೋ, ಅದಕ್ಕಿಂತ ಇಷ್ಟು ಪರ್ಸೆಂಟ್ ಕಡಿಮೆ ಅಂತ ಇರುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ಸಾಲ 10 ಲಕ್ಷ ಡಾಲರ್, ರಿಯಾಯಿತಿ ಶೇ. 20 ಅಂತ ಇಟ್ಟುಕೊಳ್ಳಿ. ಷೇರಿನ ಬೆಲೆ 10 ಸೆಂಟ್ ಇದ್ದಾಗ ಸಾಲ ಕೊಟ್ಟವನಿಗೆ 8 ಸೆಂಟಿಗೆ ಒಂದು ಷೇರು, ಒಟ್ಟು ಒಂದೂಕಾಲು ಕೋಟಿ ಷೇರು ಸಿಗುತ್ತದೆ. ಬೆಲೆ 1 ಸೆಂಟಿಗೆ ಇಳಿದಿದ್ದರೆ ಅದೇ ಸಾಲಕ್ಕೆ ಹನ್ನೆರಡೂವರೆ ಕೋಟಿ ಷೇರು. ಅದರ ಹತ್ತನೇ ಒಂದಕ್ಕೆ ಇಳಿದರೆ 125 ಕೋಟಿ. ಸಾಲ ಕೊಟ್ಟವನು ಷೇರು ತೆಗೆದುಕೊಂಡು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಆ ದಿನವೇ ಮಾರುತ್ತಾನೆ. ಮಾರಿದಾಗ ಬೆಲೆ ಇಳಿಯುತ್ತದೆ. ಇಳಿದ ಬೆಲೆಗೆ ಮುಂದಿನ ಕಂತು ಪರಿವರ್ತನೆ ಆಗುತ್ತದೆ, ಇನ್ನೂ ಜಾಸ್ತಿ ಷೇರು ಬರುತ್ತದೆ, ಅದನ್ನೂ ಮಾರುತ್ತಾನೆ. ಬೆಲೆ ಎಷ್ಟೇ ಬಿದ್ದರೂ ಅವನ ರಿಯಾಯಿತಿ ಅವನಿಗೆ ಇದ್ದೇ ಇದೆ.

ಮನೆಮಂದಿಗೆ ನಾನು ಹೇಳುವುದು ಹೀಗೆ. ನೂರು ಮರದ ತೆಂಗಿನ ತೋಟ, ನಾಲ್ಕು ಜನ ಪಾಲುದಾರರು. ಬೇಲಿ ಕಟ್ಟಲು ಸಾಲ ತಂದು, ಬಡ್ಡಿಯ ಬದಲು ಪ್ರತಿ ತಿಂಗಳು ಹತ್ತು ಹೊಸ ಪಾಲುದಾರರನ್ನು ಸೇರಿಸುತ್ತ ಹೋದರೆ ಮರ ನೂರೇ ಇರುತ್ತದೆ, ಕಾಯಿ ಬೆಲೆ ಏರಿದರೂ ನಿಮ್ಮ ಮನೆಗೆ ಒಂದು ಗರಿ ಬರುವುದಿಲ್ಲ.

ಷೇರು ಎಷ್ಟು ಬೇಕಾದರೂ ಅಚ್ಚು ಹಾಕುವ ಹಾಗಿಲ್ಲ. ಅಧಿಕೃತ ಬಂಡವಾಳ ಅಂತ ಒಂದು ಮಿತಿ ಇರುತ್ತದೆ. ಅದನ್ನು ಏರಿಸಲು ಷೇರುದಾರರ ಮತ ಬೇಕು. ಅಣ್ಣನಿಗೆ ಆ ಮತ ಕೇಳುವ ಪತ್ರ ಬಂದಿತ್ತು, ಪ್ರಾಕ್ಸಿ ಪತ್ರ ಅನ್ನುತ್ತಾರೆ. ಅವನು ಪ್ರಿಂಟ್ ತೆಗೆದು ಇಟ್ಟುಕೊಂಡಿದ್ದಾನೆ, ನನಗೆ ತೋರಿಸಿದ. ಪ್ರಶ್ನೆ ಒಂದೇ ವಾಕ್ಯ. ಅಧಿಕೃತ ಷೇರುಗಳ ಸಂಖ್ಯೆ ಹೆಚ್ಚಿಸಲು ಒಪ್ಪಿಗೆಯೇ? ಪಕ್ಕದಲ್ಲಿ ಮೂರು ಚೌಕ: ಪರ, ವಿರೋಧ, ತಟಸ್ಥ. ಅವನು ಪರ ಅಂತ ಗುರುತು ಹಾಕಿದ್ದ.

"ಯಾಕೆ ಅಣ್ಣಾ?" ಅಂತ ಕೇಳಿದೆ.

"ಇಲ್ಲ ಅಂದಿದ್ದರೆ ಮರುದಿನ ಬಾಗಿಲು ಹಾಕ್ತಿದ್ದರಲ್ಲೋ ಮಾರಾಯಾ. ಇಲ್ಲ ಅನ್ನಲಿಕ್ಕೆ ಧೈರ್ಯ ಯಾರಿಗಿತ್ತು?"

ಈ ಮಾತು ನನ್ನನ್ನು ಬಿಟ್ಟಿಲ್ಲ. ಸಣ್ಣ ಷೇರುದಾರನ ಕೈಯಲ್ಲಿ ಮತ ಇದೆ, ಹಕ್ಕು ಇದೆ, ಕಾಯ್ದೆಯ ಪುಸ್ತಕದಲ್ಲಿ ಅವನೇ ಮಾಲೀಕ. ಆದರೆ ಅವನ ಎದುರು ಇಡುವ ಆಯ್ಕೆ ಎಂಥದ್ದು? ಇವತ್ತೇ ಸಾಯಿಸು, ಇಲ್ಲವೇ ದಿನಾ ಸ್ವಲ್ಪ ಸ್ವಲ್ಪ ಬಿಟ್ಟುಕೊಡು. ಹಾಗೆ ನೋಡಿದರೆ ಅಣ್ಣನ ಉತ್ತರ ಯಾವ ಮನುಷ್ಯನೂ ಕೊಡುವ ಉತ್ತರವೇ. ತಪ್ಪು ಇರುವುದು ಅಂಥ ಕರಾರನ್ನು ಬರೆದವರಲ್ಲಿ. ಈ ಥರದ ಸಾಲವನ್ನು ಅಲ್ಲಿನ ಕಾನೂನು ಒಪ್ಪುತ್ತದೆ ಅನ್ನುವುದು ನನಗೆ ಈಗಲೂ ಜೀರ್ಣ ಆಗುವುದಿಲ್ಲ.

ಆಮೇಲೆ ರಿವರ್ಸ್ ಸ್ಪ್ಲಿಟ್ ಬಂತು. ನೂರು ಷೇರಿಗೆ ಒಂದು. ಒಂದು ಬೆಳಿಗ್ಗೆ ಖಾತೆ ತೆರೆದರೆ ಎರಡು ಲಕ್ಷ ಇದ್ದದ್ದು ಎರಡು ಸಾವಿರ. ಲೆಕ್ಕದಲ್ಲಿ ಬೆಲೆ ನೂರು ಪಟ್ಟು ಆಗಿರುತ್ತದೆ, ನಷ್ಟ ಏನೂ ಇಲ್ಲ. ಆದರೆ ಸಾಲದ ಕರಾರು ಹಾಗೇ ಇರುವುದರಿಂದ ಇಳಿಯಲು ಈಗ ಮತ್ತೆ ಜಾಗ ಸಿಕ್ಕಿತು. ಮತ್ತೆ ಇಳಿಯಿತು.

ಮಾರಬಹುದಿತ್ತಲ್ಲ ಅಂತ ಕೇಳುವುದು ಸುಲಭ. ನಮ್ಮ ಜಿಲ್ಲೆಯವರಿಗೆ ಕಾಯುವುದು ರಕ್ತದಲ್ಲೇ ಬಂದಿದೆ. ಹುಬ್ಬಳ್ಳಿ ಅಂಕೋಲಾ ರೈಲು ಮಾರ್ಗ 1990ರ ದಶಕದಲ್ಲಿ ಮಂಜೂರಾದದ್ದು, ಇನ್ನೂ ಘಟ್ಟದ ಕಾಡಿನ ವ್ಯಾಜ್ಯದಲ್ಲಿ ಸಿಕ್ಕಿಕೊಂಡಿದೆ. ಆದರೆ ಅದೇ ದಶಕದಲ್ಲಿ ಯಾರೂ ಆಗುತ್ತದೆ ಅಂತ ನಂಬದ ಕೊಂಕಣ ರೈಲು 1998ರಲ್ಲಿ ಬಂದೇಬಿಟ್ಟಿತು. ಸೀಬರ್ಡ್‌ಗೆ 1986ರಲ್ಲಿ ಅಡಿಗಲ್ಲು ಹಾಕಿದರು, ನೌಕಾನೆಲೆ ಶುರುವಾದದ್ದು 2005ರಲ್ಲಿ. ಕಾದವರಲ್ಲಿ ಕೆಲವರಿಗೆ ಸಿಕ್ಕಿದೆ. ಅದನ್ನು ನೋಡಿ ಬೆಳೆದವರಿಗೆ ಇವತ್ತಲ್ಲ ನಾಳೆ ಅನ್ನುವುದು ಸುಳ್ಳು ಅನಿಸುವುದಿಲ್ಲ. ಅಣ್ಣನಿಗಂತೂ ಪೇಪರ್ ತೆರೆದರೆ ಬಾರ್‌ಕೋಡಿನ ಸುದ್ದಿ, ಪೇಟೆಗೆ ಹೋದರೆ ಬಾರ್‌ಕೋಡ್. ತಾನು ನಂಬಿದ್ದು ಕಣ್ಣೆದುರು ನಿಜ ಆಗುತ್ತಿರುವಾಗ ಯಾರು ಮಾರುತ್ತಾರೆ? ತಂತ್ರಜ್ಞಾನ ಸೋತಿದ್ದರೆ ಅವನು ಎಂದೋ ಎಳ್ಳುನೀರು ಬಿಟ್ಟು ಹೊರಗೆ ಬರುತ್ತಿದ್ದ. ಗೆದ್ದದ್ದರಿಂದಲೇ ಉಳಿದ.

ಈಗ ನನ್ನ ಆಫೀಸಿಗೆ ಬರುವ ಹುಡುಗರ ಮಾತು. ದೇಶದಲ್ಲಿ 2020ರ ಮಾರ್ಚ್‌ನಲ್ಲಿ ನಾಲ್ಕು ಕೋಟಿ ಚಿಲ್ಲರೆ ಇದ್ದ, ಷೇರು ಇಡುವ ಡಿಮ್ಯಾಟ್ ಖಾತೆಗಳು 2022ರ ಆಗಸ್ಟ್ ಹೊತ್ತಿಗೆ ಹತ್ತು ಕೋಟಿ ದಾಟಿದವು. ಅದರಲ್ಲಿ ಕಾರವಾರದವರೂ ಇದ್ದಾರೆ, ಶಿರಸಿಯವರೂ ಇದ್ದಾರೆ. ಅಡಿಕೆಗೆ ರೇಟು ಬಂದ ವರ್ಷ ಶಿರಸಿ ಕಡೆಯ ಸ್ಟೇಟ್‌ಮೆಂಟ್‌ಗಳು ದಪ್ಪ ಆಗುತ್ತವೆ. ಬಿಚ್ಚಿ ನೋಡಿದರೆ ಎಪ್ಪತ್ತು ಪೈಸೆ, ಒಂದೂಕಾಲು ರೂಪಾಯಿಯ ಷೇರುಗಳು ಸಾವಿರಗಟ್ಟಲೆ. ಎಐ, ಡ್ರೋನ್, ಎಲೆಕ್ಟ್ರಿಕ್ ಗಾಡಿ. "ಸಾರ್, ಇದೇ ಮುಂದಿನ ಕಾಲ" ಅನ್ನುತ್ತಾರೆ. ಅವರು ಹೇಳುವುದು ಬಹುಶಃ ನಿಜ. ಅದಕ್ಕೇ ನನಗೆ ಹೆದರಿಕೆ ಆಗುವುದು.

ಇಂಥ ಷೇರಿಗೆ ಸಾಮಾನ್ಯವಾಗಿ ಶೇ. 5ರ ಸರ್ಕಿಟ್ ಇರುತ್ತದೆ, ಅಂದರೆ ಒಂದು ದಿನದಲ್ಲಿ ಬೆಲೆ ಅದಕ್ಕಿಂತ ಹೆಚ್ಚು ಏರುವ ಹಾಗಿಲ್ಲ, ಇಳಿಯುವ ಹಾಗೂ ಇಲ್ಲ. ಏರುವಾಗ ದಿನಾ ಅಪ್ಪರ್ ಸರ್ಕಿಟ್, ಕೊಳ್ಳಲು ಸಿಗುವುದಿಲ್ಲ, ಸಿಗದೇ ಇರುವುದರಿಂದ ಆಸೆ ಜಾಸ್ತಿ ಆಗುತ್ತದೆ. ತಿರುಗಿದ ದಿನದಿಂದ ಲೋವರ್ ಸರ್ಕಿಟ್. ಬೆಳಿಗ್ಗೆ ಒಂಬತ್ತಕ್ಕೇ ಮಾರಾಟದ ಆರ್ಡರ್ ಹಾಕಿದರೂ ಎದುರು ಕೊಳ್ಳುವವನೇ ಇರುವುದಿಲ್ಲ, ಮೂರೂವರೆಗೆ ಆರ್ಡರ್ ತಾನಾಗಿಯೇ ರದ್ದಾಗುತ್ತದೆ. ಕೆಲವನ್ನು ನಿಗಾ ಪಟ್ಟಿಗೆ ಹಾಕಿ ವಾರಕ್ಕೊಂದೇ ದಿನ ವ್ಯಾಪಾರ ಮಾಡಿಸುತ್ತಾರೆ. ಕುಮಟಾದ ಒಬ್ಬ ಹುಡುಗ ಮೊನ್ನೆ ಫೋನ್ ತಂದು ತೋರಿಸಿದ. ಪರದೆಯಲ್ಲಿ ಮಾರುವವರ ಕಡೆ ಲಕ್ಷಗಟ್ಟಲೆ ಷೇರು, ಕೊಳ್ಳುವವರ ಕಡೆ ಸೊನ್ನೆ. ಅವನ ಬೆರಳು ಅದರ ಮೇಲೆ ಮತ್ತೆ ಮತ್ತೆ ಎಳೆದು ರಿಫ್ರೆಶ್ ಮಾಡುತ್ತಿತ್ತು. ಇನ್ನೊಂದು ಕಷ್ಟ, ಮಾರದೇ ತೆರಿಗೆಯಲ್ಲಿ ನಷ್ಟ ತೋರಿಸುವ ಹಾಗಿಲ್ಲ. ಮಾರಿದರೆ ಮಾತ್ರ ಆ ನಷ್ಟವನ್ನು ಎಂಟು ವರ್ಷದ ತನಕ ಮುಂದಕ್ಕೆ ಒಯ್ದು, ಮುಂದೆ ಬರುವ ಬಂಡವಾಳ ಲಾಭದಿಂದ ಕಳೆಯಬಹುದು.

ನಮ್ಮಲ್ಲಿ ಒಂದು ರಕ್ಷಣೆ ಇದೆ. ಷೇರುಪೇಟೆಯಲ್ಲಿ ವ್ಯಾಪಾರ ಆಗುವ ಕಂಪನಿ ಆಯ್ದವರಿಗೆ ಹೊಸ ಷೇರು ಕೊಡುವಾಗ, ಷೇರುಪೇಟೆಯ ನಿಯಂತ್ರಕ ಸೆಬಿಯ ಸೂತ್ರದ ಪ್ರಕಾರ ಒಂದು ತಳಬೆಲೆ ಇರುತ್ತದೆ, ಅದಕ್ಕಿಂತ ಕೆಳಗೆ ಕೊಡುವ ಹಾಗಿಲ್ಲ. ಅಣ್ಣನನ್ನು ತಿಂದ ಥರದ ಕರಾರು ಇಲ್ಲಿ ಹಾಗೆ ನಡೆಯುವುದಿಲ್ಲ. ಆದರೆ ಷೇರಿನ ಸಂಖ್ಯೆ ಬೆಳೆಯುವುದು ಇಲ್ಲೂ ಇದೆ. ವಾರಂಟ್, ರೈಟ್ಸ್, ಪ್ರಿಫರೆನ್ಷಿಯಲ್ ಅಂತ ಬೇರೆ ಬೇರೆ ಹೆಸರು. ಸಂಖ್ಯೆ ಬೆಳೆದಷ್ಟು ಲಾಭವೂ ಬೆಳೆದರೆ ತೊಂದರೆ ಇಲ್ಲ. ಬರೀ ಸಂಖ್ಯೆ ಬೆಳೆದರೆ ನಿಮ್ಮ ಪಾಲು ಕರಗುತ್ತಿದೆ ಅಂತಲೇ ಲೆಕ್ಕ.

ಅದಕ್ಕೇ ಯಾರು ಬಂದರೂ ಈಗ ನಾನು ಆ ಕಂಪನಿ ಏನು ಮಾಡುತ್ತದೆ ಅಂತ ಕೇಳುವುದಿಲ್ಲ. ಐದು ವರ್ಷದ ವಾರ್ಷಿಕ ವರದಿಯಲ್ಲಿ ಷೇರು ಬಂಡವಾಳದ ಟಿಪ್ಪಣಿ ತೆರೆಯಿರಿ ಅನ್ನುತ್ತೇನೆ. ವರ್ಷದ ಆರಂಭದಲ್ಲಿ ಎಷ್ಟು ಷೇರು ಇತ್ತು, ಕೊನೆಗೆ ಎಷ್ಟು, ಹೊಸದನ್ನು ಯಾರಿಗೆ ಕೊಟ್ಟರು, ಎಷ್ಟಕ್ಕೆ ಕೊಟ್ಟರು. ಪ್ರವರ್ತಕರ ಪಾಲು ಇಳಿಯಿತೋ ಏರಿತೋ, ಅಡವಿಟ್ಟಿದ್ದಾರೋ. ಅಷ್ಟು ಪುಟ ಓದಲು ಅರ್ಧ ಗಂಟೆ ಸಾಕು. ಕುಮಟಾದ ಹುಡುಗನ ಕಂಪನಿಯದ್ದನ್ನು ಇಬ್ಬರೂ ಕೂತು ಓದಿದೆವು. ಐದು ವರ್ಷದಲ್ಲಿ ಷೇರಿನ ಸಂಖ್ಯೆ ಹಲವು ಪಟ್ಟು ಆಗಿತ್ತು, ಲಾಭದ ಸಾಲು ಇದ್ದಲ್ಲೇ ಇತ್ತು. ಅವನು ಏನೂ ಮಾತಾಡಲಿಲ್ಲ. ಮರುವಾರ ಕೊಳ್ಳುವವರು ಸ್ವಲ್ಪ ಕಂಡ ದಿನ ಅರ್ಧ ಮಾರಿದೆ ಅಂತ ಮೆಸೇಜ್ ಮಾಡಿದ. ಉಳಿದರ್ಧ ಇಟ್ಟುಕೊಂಡಿದ್ದಾನೆ.

ನಿಮ್ಮಲ್ಲಿ ಯಾರ ಹತ್ತಿರವಾದರೂ ಇಂಥ ಷೇರು ಇದ್ದರೆ ಜುಲೈ ಗಡಿಬಿಡಿಗಿಂತ ಮೊದಲೇ ಆ ಐದು ಪುಟ ತೆಗೆದಿಟ್ಟುಕೊಳ್ಳಿ. ಓದಿ ಅರ್ಥ ಆಗದಿದ್ದರೆ ನಿಮ್ಮ ಊರಿನ ಯಾವುದಾದರೂ ತೆರಿಗೆ ಸಲಹೆಗಾರರ ಹತ್ತಿರ ಹೋಗಿ ಕೇಳಿ. ಅಣ್ಣ ಈ ಬರಹ ಓದಿ ಒಂದು ತಿದ್ದುಪಡಿ ಹೇಳಿದ್ದಾನೆ. ಅವನ ಪ್ರಾಕ್ಸಿ ಪತ್ರ ಒಂದಲ್ಲ, ಎರಡು ಸಲ ಬಂದಿತ್ತಂತೆ. ಎರಡನೇ ಸಲ ಅವನು ವಿರೋಧ ಅಂತ ಗುರುತು ಹಾಕಿದ್ದ.